ಎಂಜಲು ಕೊಡದ ಗೌರಮ್ಮ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ನಾನಾಗ ಮಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಹಿರಿಯ ಸಂಶೋಧಕಿ. ಬಾಯಿ ಕ್ಯಾನ್ಸರನ್ನು ಎಂಜಲಿನಿಂದಲೇ ಬೇಗ ಗುರುತಿಸಬಹುದೇ ಎಂದು ನೋಡುವುದು ನಮ್ಮ ಯೋಜನೆ. ಜೀವಕೋಶಗಳು ಎಕ್ಸೋಸೋಮ್ ಎಂಬ ಅತಿ ಸೂಕ್ಷ್ಮ ಚೀಲಗಳನ್ನು ಹೊರಕ್ಕೆ ಬಿಡುತ್ತಲೇ ಇರುತ್ತವೆ. ಕೋಶ ಕೆಟ್ಟಿದ್ದರೆ ಅದರ ಸುಳಿವು ಚೀಲದೊಳಗೂ ಇರುತ್ತದೆ. ಎಂಜಲನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕಸ ತೆಗೆದು, ಜರಡಿಯಂಥ ಕಾಲಂ ಎಂಬ ಕೊಳವೆಯಲ್ಲಿ ಇಳಿಸಿ ಈ ಚೀಲಗಳನ್ನು ಬೇರ್ಪಡಿಸುವುದು ನನ್ನ ಕೆಲಸ.

ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ಕವಳ ಹಾಕುವವರನ್ನು ಹುಡುಕಿಕೊಂಡು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸುತ್ತಿದೆವು. ಶೃಂಗೇರಿ ಹತ್ತಿರದ ಮೆಣಸೆಯ ಗೌರಮ್ಮನವರ ಬಾಯಿ ಚಮಚ ಹೋಗುವಷ್ಟೇ ತೆರೆಯುತ್ತಿತ್ತು. ಕೆನ್ನೆಯೊಳಗೆ ಬಿಳಿ ಮಚ್ಚೆ. ಬಯಾಪ್ಸಿಗೆ, ಅಂದರೆ ಆ ಜಾಗದ ಚೂರು ತೆಗೆದು ಪರೀಕ್ಷಿಸುವುದಕ್ಕೆ, ಸುತರಾಂ ಒಪ್ಪಿರಲಿಲ್ಲ. ನಿಮ್ಮ ಪರೀಕ್ಷೆ ಹೇಳಿದರೆ ಮಾತ್ರ ಶಿವಮೊಗ್ಗದ ಆಸ್ಪತ್ರೆಗೆ ಹೋಗುತ್ತೇನೆ ಎಂದಿದ್ದರು.

ಎಂಜಲು ತುಂಬಿಸಿ ಕೊಡಿ ಎಂದು ಎಲ್ಲರಿಗೂ ಟ್ಯೂಬು ಕೊಟ್ಟಿದ್ದೆವು. ಅವರ ಟ್ಯೂಬಿನಲ್ಲಿ ಚೀಲಗಳೇ ಸಿಗಲಿಲ್ಲ. ಮೇಗುಂದ, ಸೀತೂರಿನ ಎಷ್ಟೋ ಟ್ಯೂಬುಗಳದೂ ಅದೇ ಪಾಡು. ಆ ಕಡೆಯ ಜನ ಸಹಕರಿಸುವುದಿಲ್ಲ, ಬಿಟ್ಟುಬಿಡಿ, ನಗರದ ಮಾದರಿ ತನ್ನಿ ಎಂದರು ಯೋಜನೆಯ ಮುಖ್ಯಸ್ಥರು. ನನಗೆ ಮೈಯೆಲ್ಲ ಉರಿಯಿತು. ನಮ್ಮಿಂದ ಸುದ್ದಿ ಹೋಗದಿದ್ದರೆ ಗೌರಮ್ಮ ಎಲ್ಲ ಸರಿಯಿದೆ ಎಂದೇ ತಿಳಿಯುತ್ತಿದ್ದರು. ಬಿಡುವುದಿಲ್ಲ ಎಂದು ಮುಖದ ಮೇಲೇ ಹೇಳಿ, ರಜೆ ಹಾಕಿ, ಐಸ್ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದೆ.

ಟ್ಯೂಬಿಗೆ ಏನು ಹಾಕಿದ್ದಿರಿ ಎಂದು ಕೇಳಿದಾಗ ಗೌರಮ್ಮ ನಾಚಿಕೊಂಡರು.

"ನಿಮ್ಮ ಕೈಗೆ ಎಂಜಲು ಕೊಡೂದು ಹ್ಯಾಂಗೆ ಮಾರಾಯ್ರೆ? ಬಾಯಿ ಚೆಂದ ತೊಳ್ಕಂಡು, ಕಡೇಗೆ ಮುಕ್ಕಳಿಸಿದ ನೀರು ಹಾಕಿದ್ದೆ."

ಇದಕ್ಕೆ ನಮ್ಮವರು ಅಸಹಕಾರ ಎಂದು ಹೆಸರಿಟ್ಟಿದ್ದರು! ಎಂಜಲು ಮುಟ್ಟಿದರೆ ಕೈ ತೊಳೆಯುವ ಮನೆಗಳಲ್ಲೇ ಬೆಳೆದ ನಾವು, ಇಂಗ್ಲಿಷಿನಲ್ಲಿ ವಿಧಾನ ಬರೆಯುವಾಗ ಅದನ್ನು ಪೂರ್ತಿ ಮರೆತಿದ್ದೆವು.

ನಾನು ಅವರೆದುರಿಗೇ ಒಂದು ಟ್ಯೂಬಿಗೆ ಉಗುಳಿ, ಮುಚ್ಚಳ ಹಾಕಿ, ಪೆಟ್ಟಿಗೆಯಲ್ಲಿಟ್ಟೆ. ನಿಮ್ಮದನ್ನು ನೀವೇ ಇಡಿ, ನಾನು ಮುಟ್ಟುವುದಿಲ್ಲ ಎಂದೆ. ಅವರು ಟ್ಯೂಬಿಗೆ ಕೈ ಚಾಚಿದರು.

"ನಿಮ್ದೂ ಎಂಜಲೇ ಅಲ್ದಾ. ತನ್ನಿ ಇತ್ಲಾಗೆ."

ಈ ಸಲ ಚೀಲಗಳು ಸಿಕ್ಕವು, ಅನುಮಾನದ ಗುರುತೂ ಸಿಕ್ಕಿತು. ನಮ್ಮದು ಇನ್ನೂ ಸಂಶೋಧನೆಯ ಹಂತದ ಪರೀಕ್ಷೆ, ಖಚಿತ ಮಾಡಬೇಕಾದ್ದು ಬಯಾಪ್ಸಿಯೇ ಎಂದು ಬಿಡಿಸಿ ಹೇಳಿದೆ. ಗೌರಮ್ಮ ಮಾತು ತಪ್ಪಲಿಲ್ಲ. ಕ್ಯಾನ್ಸರ್ ಆರಂಭದ ಹಂತದಲ್ಲಿತ್ತು, ಶಸ್ತ್ರಚಿಕಿತ್ಸೆಯಾಯಿತು, ಚೇತರಿಸಿಕೊಂಡರು.

ಒಂದು ಮಾದರಿಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಮುಖ್ಯಸ್ಥರು ಸಭೆಯಲ್ಲಿ ಹೇಳಿದರು. ವಿಜ್ಞಾನದ ಲೆಕ್ಕದಲ್ಲಿ ಅದು ನಿಜ, ನಾನೂ ಒಪ್ಪಿದೆ. ಆದರೆ ಯೋಜನೆಯ ಪಟ್ಟಿಯಿಂದ ಆ ಊರುಗಳ ಹೆಸರು ಹೊಡೆದುಹಾಕಲು ಬಿಡಲಿಲ್ಲ. ಮಾದರಿ ಕೆಟ್ಟಿದ್ದರೆ ಮಾದರಿಯನ್ನು ಬಿಸಾಡಬೇಕು, ಕೊಟ್ಟವರನ್ನಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟೇ, ಇದಕ್ಕಾಗಿ ಇವತ್ತೂ ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ.