ಅರ್ಧ ಸ್ವರದ ಸೇಡು
ನಮ್ಮ ಶಿರಸಿಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು ನನಗಿಂತ ದೊಡ್ಡವನು. ಅವನನ್ನು ಅಣ್ಣಾ ಎಂದೇ ಕರೆಯುತ್ತಿದ್ದೆ. ಈಗಲೂ ಕರೆಯುತ್ತೇನೆ, ಹಲ್ಲು ಕಡಿದುಕೊಂಡು.

ಸಿದ್ದಾಪುರದ ಒಂದು ರಿಸೆಪ್ಶನ್ನಿನಲ್ಲಿ ನನ್ನ ಮೊದಲ ಗಿಟಾರ್ ಸೋಲೋ ಇತ್ತು. ಪಲ್ಲವಿ ಮುಗಿದು ಚರಣ ಬರುವ ನಡುವಿನ ತುಂಡು. ತಿಂಗಳುಗಟ್ಟಲೆ ತಿಕ್ಕಿದ್ದೆ. ಈ ಮಹಾಶಯ ಹಾಡು ಶುರುವಾಗುವಾಗಲೇ ಯಾರಿಗೂ ಹೇಳದೆ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ, ಹಾಡನ್ನೇ ಅರ್ಧ ಸ್ವರ ಮೇಲೆ ಎತ್ತಿದ. ಅವನಿಗೇನು, ಗುಂಡಿ ಒತ್ತಿದರೆ ಕೀಬೋರ್ಡೇ ಏರುತ್ತದೆ, ಬೆರಳು ಇದ್ದಲ್ಲೇ ಇರುತ್ತದೆ. ಪಲ್ಲವಿಯಲ್ಲಿ ನನಗೆ ಕೆಲಸವಿರಲಿಲ್ಲ, ಎದೆ ಹೊಡೆದುಕೊಳ್ಳುವ ಭರದಲ್ಲಿ ಹಾಡಿನತ್ತ ಕಿವಿಯೂ ಇರಲಿಲ್ಲ. ಬಾಯಿಪಾಠದ ಜಾಗದಲ್ಲೇ ಬೆರಳಿಟ್ಟೆ. ಬರೀ ಅಪಸ್ವರ! ಮುಂದೆ ಕೂತ ಹೆಂಗಸರು ಕಿವಿ ಮುಚ್ಚಿಕೊಂಡರು. ಇವನು ಮೈಕ್ ಎಳೆದುಕೊಂಡು, "ಗಿಟಾರಿಗೆ ಥಂಡಿ ಆಜು ಕಾಣ್ತು" ಎಂದ. ಮಂಟಪಕ್ಕೆ ಮಂಟಪವೇ ನಕ್ಕಿತು.

ವಾಪಸ್ ಬರುವಾಗ ವ್ಯಾನಿನಲ್ಲಿ ಹೆಗಲ ಮೇಲೆ ಕೈ ಹಾಕಿದ. "ಇನ್ಮೇಲೆ ನೀ ಹಾಡಿನ ಹಿಂದೆ ಬರೀ ಕಾರ್ಡ್ ಬಡಿ ತಮಾ. ಸೋಲೋ ಆನೇ ನುಡಿಸ್ತೆ."

ಸೋಲೋ ಇನ್ನು ಅವನೇ ನುಡಿಸುತ್ತಾನಂತೆ! ಬೇಕೆಂದೇ ಮಾಡಿದ್ದು ಎಂಬುದು ಆಗ ಖಾತ್ರಿಯಾಯಿತು.

ಸಂಗೀತದ ಪ್ರೀತಿಯಿಂದ ಕಲಿತೆ ಎಂದು ಕೇಳಿದವರಿಗೆ ಹೇಳುತ್ತೇನೆ. ಸುಳ್ಳು. ಅವನ ಮುಖ ನೆನೆದು ಕಲಿತೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅದೇ ಸೋಲೋವನ್ನು ಮೊದಲು ಬಾಯಲ್ಲಿ ಹಾಡುವುದು, ಆಮೇಲೆ ತಂತಿಯಲ್ಲಿ ಹುಡುಕುವುದು. ಸಿಕ್ಕಿತೆಂದರೆ ಅರ್ಧ ಸ್ವರ ಮೇಲೇರಿ ಮತ್ತೆ ಮೊದಲಿಂದ. ಬಾಯಿ ಉಸಿರು ತೆಗೆದುಕೊಂಡಲ್ಲಿ ಬೆರಳೂ ನಿಲ್ಲಬೇಕು. ಹೀಗೆ ಗಿಟಾರಿನ ಕುತ್ತಿಗೆಯುದ್ದಕ್ಕೂ ಹತ್ತಿಳಿದು, ಎಲ್ಲಿಂದ ಎತ್ತಿದರೂ ಬರುವಂತಾಯಿತು. ಅಮ್ಮನಿಗೆ ತಲೆ ಚಿಟ್ಟು ಹಿಡಿದಿತ್ತು. "ಎಂತಾ ಮಾರಾಯಾ, ದೋಸೆ ಹಿಟ್ಟನ್ನೂ ಇಷ್ಟೊತ್ತು ಬೀಸ ಕ್ರಮ ಇಲ್ಲೆ!"

ಆ ದಿನಗಳಲ್ಲೇ ಇನ್ನೊಂದನ್ನೂ ಗಮನಿಸಿದೆ. ಅವನಿಗೆ ಬರುತ್ತಿದ್ದುದು ಒಂದೇ ಸ್ಕೇಲು, ಒಂದೇ ಶ್ರುತಿಯ ಬೆರಳಾಟ. ಉಳಿದದ್ದೆಲ್ಲ ಆ ಗುಂಡಿಯ ಪುಣ್ಯ.

ಯಲ್ಲಾಪುರದಲ್ಲಿ ಮತ್ತೊಂದು ರಿಸೆಪ್ಶನ್, ಅದೇ ಹಾಡು. ನಮ್ಮ ಗಾಯಕಿ ಬನವಾಸಿ ಕಡೆಯವಳು. ಅವಳನ್ನೂ ಅವನು ಹೀಗೇ ಹೇಳದೆ ಶ್ರುತಿ ಬದಲಿಸಿ ಎಷ್ಟೋ ಸಲ ಗೋಳು ಹೊಯ್ದುಕೊಂಡಿದ್ದ. ಸೋಲೋ ಮುಗಿಸುವಾಗ ಅರ್ಧ ಸ್ವರ ಏರುತ್ತೇನೆ, ಚರಣ ಅಲ್ಲಿಂದಲೇ ಎತ್ತಿಕೊಳ್ಳುತ್ತೀಯಾ ಎಂದು ಮೊದಲೇ ಕೇಳಿದೆ. ಅವಳ ಕಣ್ಣು ಅರಳಿತು. "ನೀವು ಏರ್ರಿ, ಹಿಂದ ನಾ ಬರ್ತೀನಿ."

ಪಲ್ಲವಿ ಮುಗಿಯಿತು. ಅವನು ಕೈ ಎತ್ತುವ ಮೊದಲೇ ನಾನು ಸೋಲೋ ಶುರು ಮಾಡಿದೆ. ಎಲ್ಲಿಯೂ ಅವಸರ ಮಾಡಲಿಲ್ಲ. ಮದುಮಗನ ಗೆಳೆಯರು ಸೀಟಿ ಹೊಡೆದರು. ಕೊನೆಯಲ್ಲಿ ತಂತಿಯ ಮೇಲೆ ಒಂದು ಮನೆ, ಅಂದರೆ ಅರ್ಧ ಸ್ವರ, ಮೇಲಕ್ಕೆ ಜಾರಿ ನಿಂತೆ. ಅವಳು ಅಲ್ಲಿಂದಲೇ ಚರಣ ಎತ್ತಿದಳು, ಒಂದು ಕೂದಲೆಳೆ ತಪ್ಪಲಿಲ್ಲ.

ಕೀಬೋರ್ಡು ಹಳೇ ಜಾಗದಲ್ಲೇ ಕಿರುಚುತ್ತಿತ್ತು. ಅವನು ತಡಬಡಿಸಿ ಗುಂಡಿ ಒತ್ತಿದ. ಗಾಬರಿಯಲ್ಲಿ ಕೆಳಗಿಳಿಸುವುದನ್ನು ಒತ್ತಿದ. ದೇವರೇ, ಆ ಶಬ್ದ! ಮಕ್ಕಳೆಲ್ಲ ಕೈ ತೋರಿಸಿ ನಕ್ಕರು. ಅವನು ವಾಲ್ಯೂಮ್ ಪೂರ್ತಿ ತಗ್ಗಿಸಿ, ಸುಮ್ಮನೆ ಬೆರಳಾಡಿಸುತ್ತ ಕೂತ.

ಹಾಡು ಮುಗಿದ ಮೇಲೆ ಹಣೆಯ ಬೆವರು ಒರೆಸಿಕೊಂಡು ನನ್ನತ್ತ ಬಾಗಿದ. "ತಮಾ, ಮುಂದಿಂದು ಯಾವ ಸ್ಕೇಲು? ಮೊದ್ಲೇ ಹೇಳಾ."

ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ಎಂಗೂ ಗೊತ್ತಿಲ್ಲೆ ಅಣ್ಣಾ" ಎಂದು ಮೈಕಿನಲ್ಲೇ ಹೇಳಿ, ಮುಂದಿನ ಹಾಡು ಶುರು ಮಾಡಿದೆ.