‘ಬಂತಾ?’ ಎಂದು ಕೂಗುವ ಗುಳ್ಳೆಯಣ್ಣ

ಬೆಳಕಿನ್ನೂ ಅಡುಗೆಮನೆಯ ಕಿಟಕಿಗೆ ಬಂದಿಲ್ಲ. ಗುಳ್ಳೆಯಣ್ಣ ಸಿಂಕಿನ ಮುಂದೆ ಬಗ್ಗಿ ನಲ್ಲಿಗೆ ಕಿವಿಗೊಟ್ಟಿದ್ದಾರೆ. ತಿರುಗಿಸಿದರೆ ಅದು ಒಮ್ಮೆ ಕೆಮ್ಮಿ, ನಾಲ್ಕು ಹನಿ ಉಗುಳಿ ಸುಮ್ಮನಾಗುತ್ತದೆ. ತಾರಸಿಯ ಟ್ಯಾಂಕು ತುಂಬಿದೆ, ಪೈಪು ಎಲ್ಲೂ ಒಡೆದಿಲ್ಲ. ಆದರೂ ನೀರಿಲ್ಲ.

“ಒಳಗೆ ಗಾಳಿ ಕೂತಿದೆಯಮ್ಮ. ಟ್ಯಾಂಕು ಪೂರ್ತಿ ಖಾಲಿಯಾದಾಗ ನುಗ್ಗಿದೆ. ಬಾಗಿಲ ಮೇಲೆ ಪೈಪು ಹತ್ತಿ ಇಳಿಯುತ್ತಲ್ಲ, ಆ ಗೂನಿನಲ್ಲೇ ಕೂತಿದೆ.”

“ಕೂತವರನ್ನ ಎಬ್ಬಿಸೋದು ಕಷ್ಟ ಕಣಪ್ಪ. ನನ್ನೇ ನೋಡು,” ಎನ್ನುತ್ತಾರೆ ಮನೆಯಾಕೆ. ಬಟ್ಟೆ ಹೊಲಿದು ಬದುಕಿದ ಒಂಟಿ ಹೆಂಗಸು. ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕುಳಿತಿದ್ದಾರೆ.

ಅಜ್ಜಿಯ ಕಥೆಗಳಲ್ಲಿ ರಾಕ್ಷಸನನ್ನು ಸೀಸೆಗೆ ತುಂಬಿ ಬಿರಡೆ ಜಡಿಯುತ್ತಿದ್ದರು. ಬಿಡಿಸಲು ಯಾರೋ ಒಬ್ಬ ದಾರಿ ತಪ್ಪಿಯಾದರೂ ಬಂದೇ ಬರುತ್ತಿದ್ದ. ನಮ್ಮ ಗೋಡೆಗಳೊಳಗೆ ಸಿಕ್ಕಿಬಿದ್ದ ಗಾಳಿಯನ್ನು ಬಿಡಿಸಲು ಬರುವವರು ಈ ಗುಳ್ಳೆಯಣ್ಣ. ಅಡ್ಡಹೆಸರು ಕೇಳಿದವರು ಮೊದಲು ಅವರ ಮೈಮೇಲೆ ಗುಳ್ಳೆ ಹುಡುಕುತ್ತಾರಂತೆ.

ಕೆಲಸ ನಡೆಯುವುದು ನಸುಕಿನಲ್ಲೇ, ಬೀದಿ ನೀರಿಗೆ ರಭಸ ಇರುವುದು ಆಗ ಮಾತ್ರ. ಬೀದಿ ನೀರಿನ ನಲ್ಲಿಗೂ ಒಣಗಿದ ನಲ್ಲಿಗೂ ನಡುವೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಎರಡನ್ನೂ ತೆರೆಯುತ್ತಾರೆ. ನೀರು ಹಿಮ್ಮುಖವಾಗಿ ಹತ್ತುತ್ತದೆ, ಗಾಳಿಯನ್ನು ದೂಡಿಕೊಂಡು ಹೋಗಿ ಟ್ಯಾಂಕಿನಲ್ಲಿ ಗುಳ್ಳೆಯಾಗಿ ಬಿಡುತ್ತದೆ. ಬೇಗ ನಿಲ್ಲಿಸಿದರೆ ಗಾಳಿ ಮತ್ತೆ ಕೆಳಗೆ ಜಾರುತ್ತದೆ, ತಡವಾದರೆ ಟ್ಯಾಂಕು ಉಕ್ಕುತ್ತದೆ. ಹಾಗಾಗಿ ಕೆಳಗೊಬ್ಬರು, ಮೇಲೊಬ್ಬರು ಬೇಕೇ ಬೇಕು. ಮೇಲೆ ನಿಲ್ಲುತ್ತಿದ್ದವರು ಅವರ ಹೆಂಡತಿ.

“ನಾನು ಕೆಳಗಿಂದ ‘ಬಂತಾ?’ ಅಂತಿದ್ದೆ, ಅವಳು ಮೇಲಿಂದ ‘ಬಂತು’ ಅಂತಿದ್ಲು. ಜಗಳ ಆಡಿದ ದಿನ ಮಾತ್ರ ‘ಹೂಂ’. ಆ ‘ಹೂಂ’ ಕೇಳಿದ್ರೆ ಸಾಕು, ಅವತ್ತು ಸಾರಿಗೆ ಉಪ್ಪಿಲ್ಲ ಅಂತ ಗೊತ್ತಾಗೋದು.” ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಆಕೆ ತೀರಿಕೊಂಡು ವರ್ಷವಾಗುತ್ತಾ ಬಂತು. ಕೆಲಸಕ್ಕೆ ಕರೆದ ಮನೆಯವರಿಗೇ ಕೆಲಸ ಹೇಳಬಾರದು ಎಂಬುದು ಗುಳ್ಳೆಯಣ್ಣನ ಹಟ. ಕೆಳಗೆ ನಲ್ಲಿ ತೆರೆದು, ಮೆಟ್ಟಿಲು ಹತ್ತಿ ಓಡಿ, ಇಣುಕಿ, ಮತ್ತೆ ಇಳಿದು ಬರುತ್ತಾರೆ. ಹೋದ ವಾರ ಒಂದು ಮನೆಯಲ್ಲಿ ಓಡಲಿಲ್ಲ. ಕೆಳಗಿನಿಂದಲೇ “ಬಂತಾ?” ಎಂದು ಕೂಗಿ, ಉತ್ತರಕ್ಕೆ ಕಾಯುತ್ತಾ ನಿಂತುಬಿಟ್ಟರು. ಟ್ಯಾಂಕು ಉಕ್ಕಿ, ನೀರು ಮೆಟ್ಟಿಲಿಳಿದು ಬಾಡಿಗೆಯವರ ಹಾಸಿಗೆಗಳನ್ನೆಲ್ಲ ತೋಯಿಸಿತು. ಸುದ್ದಿ ಮಗಳಿಗೆ ಮುಟ್ಟಿತು. ಪೈಪಿನ ಅಂಗಡಿಯೊಂದರ ಕೌಂಟರಿನಲ್ಲಿ ಅಪ್ಪನನ್ನು ಕೂರಿಸಲು ಆಕೆಯೇ ಮಾತಾಡಿದ್ದಾಳೆ. ನಾಳೆಯಿಂದಲೇ ಬರಬೇಕಂತೆ.

“ಇವತ್ತಿನ ಮನೆ ಆಗ್ಲಿ, ಹೇಳ್ತೀನಿ ಅಂದಿದ್ದೀನಿ. ಇಲ್ಲೂ ಕೈಕೊಟ್ರೆ ಚೀಲ ಕೆಳಗಿಡ್ತೀನಿ. ಕೂಗಿದ್ದಕ್ಕೆ ಓ ಅನ್ನೋರಿಲ್ದೆ ಎಷ್ಟು ದಿನ ಅಂತ...”

ನಲ್ಲಿಗಳನ್ನು ತೆರೆಯುತ್ತಾರೆ. ರಬ್ಬರ್ ಪೈಪು ಬಿಗಿಯಾಗುತ್ತದೆ, ಗೋಡೆಯೊಳಗೆ ಏನೋ ಗೊಳಗೊಳ ಎನ್ನುತ್ತದೆ. ಗುಳ್ಳೆಯಣ್ಣ ಮುಖ ಮೇಲೆತ್ತಿ ಕೂಗುತ್ತಾರೆ: “ಬಂತಾ?”

“ಯಾರನ್ನ ಕೇಳ್ತಿದ್ದೀಯಪ್ಪ? ಮೇಲೆ ಕಾಗೆ ಬಿಟ್ರೆ ಯಾರಿದ್ದಾರೆ?”

ಅವರ ಕೈ ತಟ್ಟನೆ ನಲ್ಲಿಗಳನ್ನು ಮುಚ್ಚುತ್ತದೆ. ಹೊಲಿಗೆಯಾಕೆ ಗೋಡೆ ಹಿಡಿದು ಎದ್ದು ಬರುತ್ತಾರೆ.

“ಕಾಲು ಮೆಟ್ಟಿಲು ಹತ್ತಲ್ಲ, ನಿಜ. ಕೈಗೇನಾಗಿದೆ ಧಾಡಿ? ನಲ್ಲಿ ನಾನು ನೋಡ್ಕೋತೀನಿ, ನೀನು ಹತ್ತು.”

“ಅಯ್ಯೋ, ನೀವ್ಯಾಕಮ್ಮ... ಮೇಲಿರೋದು ನನ್ನ ಜಾಗ ಅಲ್ಲ.”

“ಜಾಗವಂತೆ! ಹತ್ತೋ ಮಾರಾಯ, ಪಾತ್ರೆ ತೊಳೆದು ಮೂರು ದಿನ ಆಯ್ತು.”

ತಾರಸಿಯಲ್ಲಿ ತಣ್ಣನೆ ಗಾಳಿ. ಗುಳ್ಳೆಯಣ್ಣ ಟ್ಯಾಂಕಿನ ಮುಚ್ಚಳ ಸರಿಸಿ ಬಗ್ಗುತ್ತಾರೆ. ಒಳಗೆ ಕಪ್ಪು ನೀರು, ಅಲ್ಲಾಡದ ನೀರು. ಆಮೇಲೆ ತಳದಿಂದ ಸಾಸಿವೆಯಷ್ಟು ಚಿಕ್ಕದೊಂದು ಗುಳ್ಳೆ ಏಳುತ್ತದೆ, ಅದರ ಹಿಂದೆ ಒಂದು ಸಾಲು, ಕೊನೆಗೆ ಅಂಗೈಯಗಲದ್ದೊಂದು. ಆಗಷ್ಟೇ ಬೆಳಗಾಗುತ್ತಿದ್ದ ಆಕಾಶವನ್ನೆಲ್ಲ ಹೊತ್ತುಕೊಂಡು ಬಂದು ಅದು ಒಡೆಯುತ್ತದೆ.

“ಬಂತಾ?” ಕೆಳಗಿನಿಂದ ಕೂಗು.

ಅವರು ಗುಳ್ಳೆ ಒಡೆದ ಜಾಗವನ್ನೇ ನೋಡುತ್ತಿದ್ದಾರೆ. ನೀರು ಅಂಚಿನತ್ತ ಏರುತ್ತಿದೆ.

“ಬಂತೇನೋ? ಇದ್ದೀಯೋ ಇಲ್ವೋ?”

“ಬಂತು! ಬಂತಮ್ಮಾ, ನಿಲ್ಸಿ!”

ನೀರು ಅಂಚಿಗೆ ತಾಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಕೆಳಗೆ ರಬ್ಬರ್ ಪೈಪು ಕಳಚಿದ ಸದ್ದು, ಹಿಂದೆಯೇ ಪಾತ್ರೆಗಳ ಮೇಲೆ ನೀರು ಧುಮುಕುವ ಸದ್ದು. ಅವರು ಇಳಿಯುವ ಆತುರ ತೋರಿಸುವುದಿಲ್ಲ.

“ಇಷ್ಟು ವರ್ಷ ಬಂತಾ ಬಂತಾ ಅಂತ ಕೇಳಿದ್ದೇ ಕೇಳಿದ್ದು. ನೋಡೋಕೆ ಹೇಗಿರುತ್ತೆ ಅಂತ ಅವಳನ್ನ ಒಂದಿನಾನೂ ಕೇಳ್ಲಿಲ್ಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ.

ಜೇಬಿನಲ್ಲಿ ಮೊಬೈಲು ರಿಂಗಾಗುತ್ತದೆ. ಮಗಳು.

“ಹ್ಞಾಂ ಪುಟ್ಟಿ... ಅಂಗಡಿಯವರಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳೋಕೆ ಹೇಳು. ಇಲ್ಲ ಇಲ್ಲ, ಒಬ್ಬನೇ ಅಲ್ಲ. ಆಯಾ ಮನೆಯವರನ್ನೇ ಕೆಳಗೆ ನಿಲ್ಲಿಸ್ತೀನಿ... ಹೂಂ ಕಣೇ, ಕೇಳ್ತೀನಿ, ಬಾಯಿಬಿಟ್ಟು ಕೇಳ್ತೀನಿ. ಮೇಲೆ ನಿಮ್ಮಮ್ಮನ ಜಾಗದಲ್ಲಿ ನಾನು ನಿಲ್ತೀನಿ.”