ಉದುರದ ಬೋಲ್ಟು

ಸೈನ್ಯಕ್ಕೆ ಬೇಕಾದ ಜನರೇಟರ್‌ಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ಅದು ನನಗೆ ಚೆನ್ನಾಗಿ ಬರುತ್ತದೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಆದರೂ ಹಿಮದ ಗಡಿಯಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ನನ್ನ ಯಂತ್ರ ನಪಾಸಾಯಿತು. ಫಿಲ್ಟರ್ ಬದಲಿಸುತ್ತಿದ್ದ ಸೈನಿಕನ ಕೈಯಿಂದ ಮುಚ್ಚಳದ ಬೋಲ್ಟೊಂದು ಜಾರಿ ಹಿಮದೊಳಗೆ ಹೋಯಿತು. ದಪ್ಪ ಕೈಗವಸಿಗೆ ಅದು ಸಿಗಲಿಲ್ಲ. ಕೈಗವಸು ಕಳಚಿ, ಬರಿಗೈಯಲ್ಲಿ ಬಹಳ ಹೊತ್ತು ಹಿಮ ಕೆದಕಿದ.

ಇನ್ನೊಂದು ಸಲ ಹೀಗಾದರೆ ವಿನ್ಯಾಸವನ್ನೇ ಕೈಬಿಡುತ್ತೇವೆ ಎಂದರು ಅಧಿಕಾರಿಗಳು. ಬೋಲ್ಟು ಹಿಡಿಯಲು ಬಾರದವನೊಬ್ಬ ನನ್ನ ಎರಡು ವರ್ಷದ ದುಡಿಮೆಯನ್ನು ಮಣ್ಣುಪಾಲು ಮಾಡಿದನಲ್ಲ ಎಂದು ಉರಿದುಕೊಂಡೇ ರಜೆಗೆ ಆದೋನಿ ಹತ್ತಿರದ ನಮ್ಮೂರು ಆಲೂರಿಗೆ ಬಂದೆ.

ನನ್ನ ಸೋದರಮಾವ ಆದೋನಿಯಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲೊಂದರಲ್ಲಿ ಫಿಟ್ಟರ್. ಮರುದಿನವೇ ಮಿಲ್ಲಿಗೆ ಹೋಗಿ ಅವನ ಮುಂದೆ ಸಿಟ್ಟೆಲ್ಲ ಕಾರಿಕೊಂಡೆ. ಮಾವ ಕೇಳುತ್ತಲೇ, ನಿಂತಿದ್ದ ಯಂತ್ರದ ಮುಚ್ಚಳ ಬಿಚ್ಚಿದ. ಒಂದೇ ಸ್ಪ್ಯಾನರಿಗೆ ಎಲ್ಲ ಬೋಲ್ಟುಗಳೂ ಸಡಿಲವಾದವು, ಆದರೆ ಒಂದೂ ಉದುರಲಿಲ್ಲ. ಮುಚ್ಚಳದ ಒಳಬದಿಯಲ್ಲಿ ಪ್ರತಿಯೊಂದಕ್ಕೂ ಉಂಗುರ ಹಾಕಿ ತಡೆದಿದ್ದ.

ಹತ್ತಿಯಲ್ಲಿ ಬಿದ್ದ ಕಬ್ಬಿಣದ ಚೂರು ಯಂತ್ರದೊಳಗೆ ಹೋದರೆ ಕಿಡಿ ಹಾರುತ್ತದೆ, ನೋಡನೋಡುತ್ತಿದ್ದಂತೆ ಮಿಲ್ಲಿಗೇ ಬೆಂಕಿ. ಆದೋನಿಯಲ್ಲಿ ಇದು ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಆದರೂ ನನ್ನ ಯಂತ್ರಕ್ಕೆ ಬಿಡಿ ಬೋಲ್ಟು ಹಾಕಿದ್ದೆ, ಅದೂ ಮೂರು ಅಳತೆಯವು.

“ಕೈ ಅಂದಮ್ಯಾಲ ಜಾರತೈತಿ, ಇಂಜಿನಿಯರಮ್ಮ,” ಎಂದ ಮಾವ. “ಅವನ್ನ ಬೈದ್ರ ಬೋಲ್ಟ್ ಬೀಳೋದು ನಿಲ್ತೈತೇನು? ಬೀಳದಂಗ ಮಾಡೋದು ನಿನ್ನ ಕೆಲಸ.”

ಮಾವನಿಗೆ ಎದುರುತ್ತರ ಕೊಡುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಅಂದು ಮಾತ್ರ ಅವನ ಕೈಯಿಂದ ಮುಚ್ಚಳ ತೆಗೆದುಕೊಂಡು ಉಂಗುರಗಳನ್ನು ಒಂದೊಂದಾಗಿ ನೋಡಿದೆ.

ರಜೆ ಮುಗಿಯುವ ಮೊದಲೇ ವಾಪಸು ಹೋಗಿ ನಕ್ಷೆ ತಿದ್ದಿದೆ. ಬೋಲ್ಟುಗಳನ್ನೆಲ್ಲ ಒಂದೇ ಅಳತೆಗೆ ತಂದು ಮುಚ್ಚಳಕ್ಕೇ ಅಂಟಿಕೊಂಡಿರುವಂತೆ ಮಾಡಿದೆ. ಮೂಲೆಯಲ್ಲಿದ್ದ ಫಿಲ್ಟರನ್ನು ಮುಂದಕ್ಕೆ ತಂದೆ. ಬಿಡಿಭಾಗಗಳ ಪಟ್ಟಿ ಚಿಕ್ಕದಾಯಿತು, ರಿಪೇರಿಯ ಖರ್ಚೂ ಇಳಿಯಿತು. ಇಷ್ಟು ಸರಳವಾದದ್ದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಪುಣ್ಯಕ್ಕೆ ಕಚೇರಿಯಲ್ಲಿ ಯಾರೂ ಕೇಳಲಿಲ್ಲ.

ಎರಡನೆಯ ಪರೀಕ್ಷೆಗೂ ಅದೇ ಸೈನಿಕ ಬಂದ. ಈ ಸಲ ಪಾಸಾಗುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನು ಕೈಗವಸು ಕಳಚದೆಯೇ ಮುಚ್ಚಳ ತೆಗೆದು, ಫಿಲ್ಟರ್ ಬದಲಿಸಿ, ಮತ್ತೆ ಮುಚ್ಚಿದ. ಜನರೇಟರ್ ಶುರುವಾಯಿತು. ಅಧಿಕಾರಿಗಳು ಕೈಕುಲುಕಲು ಬಂದರು. ನಾನು ಅವರನ್ನು ದಾಟಿ ಸೈನಿಕನ ಬಳಿ ಹೋಗಿ, ಅಂದು ಹಿಮ ಕೆದಕಿದ ಬೆರಳುಗಳು ಹೇಗಿವೆ ಎಂದು ಕೇಳಿದೆ. ಮೊದಲ ದಿನವೇ ಕೇಳಬೇಕಿತ್ತು.

ಬಲಗೈಯ ಎರಡು ಬೆರಳಿಗೆ ಇನ್ನೂ ಸ್ಪರ್ಶಜ್ಞಾನ ಬಂದಿಲ್ಲ ಎಂದ.